ನೋವು ತಟ್ಟದ ದೋಣಿ

"ಎಡಗಡೆ ಮಲಗೋ ಕೋಣೇಲಿ, ಹಾಸಿಗೆ ಕೆಳಗೆ ಒಂದು ಹಲಗೆ ಇದೆ. ಅದೊಂದನ್ನ ಮಾತ್ರ ತೆಗೀಬೇಡಿ ಡಾಕ್ಟ್ರೇ."

ದೋಣಿ ಮಾರುತ್ತಿದ್ದ ಹೆಂಗಸು ದೋಣಿಯ ಕಡೆಗೆ ನೋಡದೆಯೇ ಈ ಮಾತು ಹೇಳಿದಳು. ಕೀಲಿಕೈ ಕೊಡುವುದಕ್ಕೂ ಒಳಗೆ ಕಾಲಿಡದೆ, ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತೇ ಕೈ ಚಾಚಿದ್ದಳು.

"ಯಾಕೆ, ಒಳಗೆ ನಿಧಿ ಗಿಧಿ ಇದೆಯಾ?" ಡಾಕ್ಟರ್ ನಕ್ಕ.

"ಮಾಟ ಇದೆ. ನಮ್ಮತ್ತೆ ಮಾಡಿಸಿದ್ದು." ಅವಳು ದನಿ ತಗ್ಗಿಸಿದಳು. "ಮಗ ಮನೆ ಬಿಟ್ಟು, ನನ್ನ ಕಟ್ಟಿಕೊಂಡು ನೀರಿನ ಮೇಲೆ ಸಂಸಾರ ಹೂಡಿದ ಅಂತ. ಇದೇ ಜಾಗದಲ್ಲಿ ನಿಂತು ಕೂಗಿದ್ರು, 'ನನ್ನ ನೋವು ನಿಮಗೆ ತಟ್ಟಲಿಲ್ಲ ಅಲ್ವಾ? ಇನ್ನು ಯಾವ ನೋವೂ ತಟ್ಟದೇ ಹೋಗ್ಲಿ' ಅಂತ. ಆಮೇಲೆ ನನ್ನ ಗಂಡ..." ಮಾತು ಅಲ್ಲಿಗೇ ಕಡಿಯಿತು. "ಬಲ್ಲವರೊಬ್ಬರು ಅದಕ್ಕೆ ಕಟ್ಟು ಹಾಕಿ ಮುಚ್ಚಿದ್ದಾರೆ. ಬಿಚ್ಚಿದ್ರೆ ಮತ್ತೆ ಏಳುತ್ತೆ. ದೋಣಿ ಒಡೆಯೋರಿಗೆ ಕೊಟ್ಟುಬಿಡೋಣ ಅಂತಿದ್ದೆ. ನೀವು ಬೇಕೇ ಬೇಕು ಅಂದ್ರಿ."

"ಜನಕ್ಕೆ ನೋವು ತಟ್ಟದ ಹಾಗೆ ಮಾಡೋದಕ್ಕೇ ಆಸ್ಪತ್ರೇಲಿ ನಂಗೆ ಸಂಬಳ ಕೊಡ್ತಿದ್ರು ಕಣಮ್ಮಾ. ನಿಮ್ಮತ್ತೆ ಪುಕ್ಕಟೆ ಮಾಡಿಕೊಟ್ಟಿದ್ದಾರೆ!"

ಪಕ್ಕದಲ್ಲಿದ್ದ ಅವನ ಹೆಂಡತಿ ಮೊಣಕೈಯಿಂದ ತಿವಿದಳು. ಆದರೂ ಅವಳಿಗೂ ನಗು ತಡೆಯಲಾಗಲಿಲ್ಲ.

ಅವನು ಆಪರೇಷನ್ ಕೋಣೆಯಲ್ಲಿ ಅರಿವಳಿಕೆ ಕೊಡುತ್ತಿದ್ದ ಡಾಕ್ಟರ್. ಕಿಟಕಿಯಿಲ್ಲದ ಕೋಣೆ, ಬಿಳಿ ದೀಪ, ಯಂತ್ರದ ಕೀಂಕೀಂ ಸದ್ದು, ಇಷ್ಟರಲ್ಲೇ ಕೂದಲು ನರೆತಿತ್ತು. ಅವಳು ಮಕ್ಕಳಿಗೆ ಈಜು ಕಲಿಸುತ್ತಿದ್ದವಳು; ಸಿನಿಮಾದಲ್ಲಿ ನಾಯಿಮರಿ ತಪ್ಪಿಸಿಕೊಂಡರೂ ಮೂಗು ಸೀಟುವವಳು. ಇನ್ನು ಮೇಲೆ ನೀರಿನ ಮೇಲೇ ಇರೋಣವೆಂದು ಇಬ್ಬರೂ ಕೂಡಿ ತೀರ್ಮಾನಿಸಿ ಫ್ಲ್ಯಾಟ್ ಮಾರಿದ್ದರು. ಹಳೆಯದಾದರೂ ಕ್ಯಾಟಮರಾನ್ ಚೆನ್ನಾಗಿತ್ತು. ಅಕ್ಕಪಕ್ಕ ಎರಡು ಉದ್ದನೆಯ ಒಡಲು, ಅವುಗಳ ನಡುವೆ ಸೇತುವೆಯಂತೆ ಹಜಾರ ಮತ್ತು ಅಡಿಗೆಕಟ್ಟೆ, ಮುಂದುಗಡೆ ಬಿಸಿಲಿಗೆ ಮೈಚಾಚಲು ಬಿಗಿದು ಕಟ್ಟಿದ ಬಲೆ. ಆದರೆ ಖರೀದಿಗೆ ಮೊದಲು ದೋಣಿ ಪರೀಕ್ಷಿಸಲು ಬಂದವನು ಸುತ್ತಿಗೆಯಿಂದ ಒಡಲನ್ನು ತಟ್ಟುತ್ತಾ ಹೋಗಿ ಎಡಗಡೆ ಕೋಣೆಯ ಹತ್ತಿರ ನಿಂತಿದ್ದ. ಅಲ್ಲಿ ಸದ್ದು ಮೊಂಡಾಗಿತ್ತು. ತೇವ ಕೂತಿರಬೇಕು, ಬಿಟ್ಟರೆ ಕೊಳೆ ಹಬ್ಬುತ್ತದೆ ಎಂದಿದ್ದ.

ದಕ್ಕೆ ಬಿಟ್ಟು ಬಂದು ಕೊಲ್ಲಿಯ ನಡುವೆ ಲಂಗರು ಹಾಕಿದ ಮೇಲೆ ಡಾಕ್ಟರನಿಗೆ ಅದೇ ಚಿಂತೆ. ಒಂದು ಮಧ್ಯಾಹ್ನ ಹಾಸಿಗೆ ಮಗುಚಿ, ಹಲಗೆಯ ಅಂಚಿಗೆ ಬಳಿದಿದ್ದ ಡಾಂಬರನ್ನು ಚಾಕುವಿನಿಂದ ಕೆರೆದ.

"ಬೇಡ ಬಿಡ್ರೀ. ಆಯಮ್ಮ ಅಷ್ಟು ಹೇಳಿದ್ದಾಳೆ," ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು.

"ಅವಳ ಮಾತು ಕೇಳಿದ್ರೆ ದೋಣಿ ತಳ ಕಿತ್ತುಹೋಗುತ್ತೆ ಕಣೇ."

ಹಲಗೆ ಎದ್ದಿತು. ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು. ಕೆಳಗಿನ ಕತ್ತಲೊಳಗೆ ಕೈಯಿಳಿಸಿದರೆ ತಣ್ಣಗೆ, ಮೆತ್ತಗೆ ಏನೋ ಸಿಕ್ಕಿತು. ಮುಷ್ಟಿಗಾತ್ರದ ಮೇಣದ ಉಂಡೆ. ಮೈತುಂಬ ತುಕ್ಕು ಹಿಡಿದ ಸೂಜಿಗಳು, ಸುತ್ತಲೂ ಬಿಗಿದ ಹೆಂಗಸಿನ ಉದ್ದ ಕೂದಲು. ಹೊರಗೆಳೆಯುವಾಗ ಸೂಜಿಯೊಂದು ಅವನ ಹೆಬ್ಬೆರಳಲ್ಲಿ ಪೂರ್ತಿ ಇಳಿಯಿತು. ನೋವಾಗಲಿಲ್ಲ. ಅವನು ಅದನ್ನು ಗಮನಿಸಲೂ ಇಲ್ಲ. ಉಂಡೆಯನ್ನು ಕಿಟಕಿಯಿಂದ ಸಮುದ್ರಕ್ಕೆಸೆದು ಕೈ ತೊಳೆದುಕೊಂಡ.

ಮೊದಮೊದಲು ಹಾಯೆನಿಸಿತು. ವರ್ಷಗಟ್ಟಲೆ ಕಾಡಿದ ಅವನ ಬೆನ್ನುನೋವು ಮಾಯವಾಯಿತು. ಅವಳ ಮಂಡಿ ಸಲೀಸಾಯಿತು. ಇಬ್ಬರಿಗೂ ಒಳ್ಳೆಯ ನಿದ್ದೆ. ಬರಬರುತ್ತ ಚಹಾದ ಬಿಸಿ ನಾಲಿಗೆಗೆ ತಿಳಿಯದಾಯಿತು. ಈರುಳ್ಳಿ ಹೆಚ್ಚಿದರೆ ಕಣ್ಣಲ್ಲಿ ನೀರು ಬರದಾಯಿತು. ಮಾತು ಕಡಿಮೆಯಾಯಿತು. ಜಗಳವೂ ನಿಂತಿತು.

ಒಂದು ಬೆಳಿಗ್ಗೆ ಅವನ ಅಣ್ಣ ಫೋನ್ ಮಾಡಿದ. "ಅಮ್ಮ ಹೋಗಿಬಿಟ್ಲು ಕಣೋ."

"ಸರಿ," ಎಂದ ಡಾಕ್ಟರ್.

ಆ ಕಡೆ ಅಣ್ಣ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಇವನು ಸ್ವಲ್ಪ ಹೊತ್ತು ಆ ಸದ್ದು ಕೇಳಿಸಿಕೊಂಡ. ಆಮೇಲೆ, "ಬ್ಯಾಟರಿ ಕಡಿಮೆ ಇದೆ," ಎಂದು ಫೋನ್ ಇಟ್ಟ. ಹೋಗಬೇಕೆಂದು ಗೊತ್ತಿತ್ತು. ಏಳಬೇಕೆನಿಸಲಿಲ್ಲ.

ಆ ಸಂಜೆ ಮಂಜು ಕವಿಯಿತು. ದಡ ಅಳಿಸಿಹೋಯಿತು. ಅಡಿಗೆಕಟ್ಟೆಯಿಂದ ಮಾಂಸ ಸೀಯುವ ವಾಸನೆ ಬಂತು. ಅವರು ಮಾಂಸ ತಂದಿರಲೇ ಇಲ್ಲ. ಎದ್ದು ನೋಡಿದರೆ ಹೆಂಡತಿಯ ಅಂಗೈ ಕಾದ ಬಾಣಲೆಯ ಮೇಲಿತ್ತು. ಅವಳು ಅದನ್ನೇ ನೋಡುತ್ತ ನಿಂತಿದ್ದಳು.

"ಕೈ ತೆಗಿ," ಎಂದ.

ತೆಗೆದಳು. ಒಂದಿಷ್ಟು ಚರ್ಮ ಬಾಣಲೆಯಲ್ಲೇ ಉಳಿಯಿತು.

"ರೀ, ಈಗ ನಾವು ಹೆದರಬೇಕಲ್ವಾ?"

"ಹೌದು."

"ನಂಗೆ ಹೆದರಿಕೆ ಆಗ್ತಿಲ್ಲ."

ಅವನು ಬಟ್ಟೆ ಸುತ್ತಿದ. ದಡಕ್ಕೆ ಹೋಗಿಬಿಡೋಣ ಎಂದು ಇಬ್ಬರೂ ಅಂದುಕೊಂಡರು. ಬೆಳಗಾಯಿತು. ಲಂಗರು ಎತ್ತುವ ಅವಸರ ಯಾರಿಗೂ ಬರಲಿಲ್ಲ. ಅವಳು ಎಂದಿನಂತೆ ಮೆಟ್ಟಿಲಿಳಿದು ಈಜಲು ಹೋದಳು.

ನೀರು ಕೊರೆಯುತ್ತಿತ್ತು. ಮೊದಲೆಲ್ಲ ಅವಳು ಬೇಗನೆ ಮೇಲೆ ಬಂದು, ಹಲ್ಲು ಕಟಕಟಿಸುತ್ತ ಟವೆಲ್ ಕೇಳುತ್ತಿದ್ದಳು. ಅಂದು ಮೇಲೆ ಬರಲಿಲ್ಲ. ದೋಣಿಯ ಸುತ್ತ ಒಂದೇ ಸಮನೆ ಈಜಿದಳು. ಚಳಿ ತಿಳಿಯುತ್ತಿರಲಿಲ್ಲ. ಸುಸ್ತು ತಿಳಿಯುತ್ತಿರಲಿಲ್ಲ. ಮೈ ಸಾಕು ಎನ್ನುತ್ತಿದ್ದುದು ಅವಳಿಗೆ ಕೇಳಿಸುತ್ತಿರಲಿಲ್ಲ.

ಡಾಕ್ಟರ್ ಬಲೆಯ ಮೇಲೆ ಕೂತು ನೋಡುತ್ತಿದ್ದ. ಅವಳ ತುಟಿ ನೀಲಿಯಾಗುವುದನ್ನು ಕಂಡ. ಕೈಬೀಸು ತೊಡರುವುದನ್ನು ಕಂಡ. ಅದರ ಅರ್ಥ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಕೂಗಬೇಕು, ಅಂದುಕೊಂಡ. ಹಗ್ಗ ಪಕ್ಕದಲ್ಲೇ ಇತ್ತು. ಎಸೆಯಬೇಕು, ಅಂದುಕೊಂಡ. ಕೈ ತೊಡೆಯ ಮೇಲೇ ಇತ್ತು. ಅವಳು ಅವನ ಕಡೆ ತಿರುಗಿದಳು. ಮುಖದಲ್ಲಿ ಭಯವಿರಲಿಲ್ಲ. ಅವನ ಮುಖದಲ್ಲೂ ಇರಲಿಲ್ಲ. ಮುಳುಗಿದಳು. ಎದ್ದಳು. ಮುಳುಗಿದಳು. ಬೋರಲಾಗಿ ತೇಲಿದಳು.

ಆಗ ಎದ್ದು ಹಗ್ಗ ತೆಗೆದುಕೊಂಡ.

ಹೆಣವನ್ನು ದಡ ಮುಟ್ಟಿಸಬೇಕೆಂಬುದು ಅವನಿಗೆ ಗೊತ್ತಿತ್ತು. ಫೋನ್ ಮಾಡಿ ಹೆಂಡತಿಯ ತಮ್ಮನಿಗೆ ತಿಳಿಸಿದ. ಎಂಜಿನ್ ಹಾಕಿ ದೋಣಿಯನ್ನು ದಕ್ಕೆಗೆ ತಂದು ಕಟ್ಟಿದ. ಮಂಜು ಹರಿದು ಬಿಸಿಲು ಬಂದಿತ್ತು. ದಕ್ಕೆಯ ಮೇಲೆ ಕಾಯುತ್ತಿದ್ದ ಭಾವಮೈದ, ಡಾಕ್ಟರ್ ದೋಣಿಯಿಂದ ಚಾಚಿದ ಅಕ್ಕನನ್ನು ತೋಳಲ್ಲಿ ಎತ್ತಿಕೊಂಡು ಕಲ್ಲಿನ ಮೇಲೆ ಮಲಗಿಸಿದ. ಅವಳ ಎದೆಯ ಮೇಲೆ ತಲೆಯಿಟ್ಟು, "ಅಕ್ಕಾ, ಅಕ್ಕಾ" ಎಂದು ಗಂಟಲು ಹರಿಯುವಂತೆ ಅತ್ತ.

ಡಾಕ್ಟರ್ ದೋಣಿಯಿಂದ ಕೆಳಗಿಳಿದ.

ಕಾಲು ಕಲ್ಲು ಮುಟ್ಟಿತು. ಅಷ್ಟೇ. ಹೆಬ್ಬೆರಳಲ್ಲಿ ಸೂಜಿ. ಬೆನ್ನಲ್ಲಿ ಬೆಂಕಿ. ನಾಲಿಗೆಯ ತುಂಬ ಬೊಕ್ಕೆ. ಅಮ್ಮ. ಅಮ್ಮ ಸತ್ತಿದ್ದಾಳೆ. ಅಮ್ಮ ಸತ್ತಿದ್ದಾಳೆ, ಅವನು ಹೋಗಿಲ್ಲ. ನೀರು. ನೀಲಿ ತುಟಿ. ಪಕ್ಕದಲ್ಲೇ ಹಗ್ಗ. ಪಕ್ಕದಲ್ಲೇ ಇತ್ತು. ಅವಳು ತಿರುಗಿ ನೋಡಿದ್ದಳು. ಯಾವ ನೋವೂ ಹೋಗಿರಲಿಲ್ಲ. ಎಲ್ಲವೂ ನೆಲದ ಮೇಲೆ ಕಾಯುತ್ತಿತ್ತು. ಉಸಿರು ಸಿಗಲಿಲ್ಲ. ಬಾಯಿ ತೆರೆದ. ದನಿ ಬರಲಿಲ್ಲ. ಉರುಳಿದ. ತೆವಳಿದ. ದೋಣಿಯ ಅಂಚು ಕೈಗೆ ಸಿಕ್ಕಿತು. ಮೈಯನ್ನು ಒಳಕ್ಕೆಳೆದುಕೊಂಡ.

ಎಲ್ಲ ನಿಂತಿತು. ಡಾಕ್ಟರ್ ಕೂತು ಶರ್ಟಿನ ಧೂಳು ಕೊಡವಿಕೊಂಡ.

"ಭಾವ, ಇಳಿದು ಬನ್ನಿ! ಅಕ್ಕನ ಮುಖ ನೋಡಿ ಒಂದ್ಸಲ! ಹಾಗೇ ಕೂತುಬಿಟ್ಟಿದ್ದೀರಲ್ಲ, ನಿಮಗೆ ಕರುಳಿಲ್ವಾ?"

"ನೀನು ಹತ್ತಬೇಡ," ಎಂದು ಹೇಳಬೇಕೆಂದು ಡಾಕ್ಟರನಿಗೆ ಗೊತ್ತಿತ್ತು. ಹೇಳಲಿಲ್ಲ.

ಭಾವಮೈದ ಅಳುತ್ತಲೇ ಎದ್ದು ಬಂದ. ರಟ್ಟೆ ಹಿಡಿದು ಎಳೆದೊಯ್ಯುವ ರಭಸದಲ್ಲಿ ದೋಣಿಯೊಳಗೆ ಹಾರಿದ. ಅರ್ಧ ಬಿಕ್ಕು ಗಂಟಲಲ್ಲೇ ಉಳಿಯಿತು. ಚಾಚಿದ್ದ ಕೈಯನ್ನು ಇಳಿಸಿದ. ಕೆನ್ನೆ ಮುಟ್ಟಿ, ಬೆರಳಿಗೆ ಹತ್ತಿದ ಒದ್ದೆಯನ್ನು ಏನೆಂದು ತಿಳಿಯದವನಂತೆ ನೋಡಿದ. ಆಮೇಲೆ ಕಲ್ಲಿನ ಮೇಲೆ ಮಲಗಿದ್ದವಳ ಕಡೆಗೆ ನಿಧಾನಕ್ಕೆ ತಿರುಗಿದ.

"ಮುಖಕ್ಕೆ ಬಿಸಿಲು ಬೀಳ್ತಿದೆ," ಎಂದ. "ಏನಾದ್ರೂ ಮುಚ್ಚಬೇಕಿತ್ತು."

ಹಾಗೆಂದು ಭಾವನ ಪಕ್ಕದಲ್ಲಿ ಕೂತ.