ಅವನ ಕೈಯಲ್ಲಿ ನನ್ನ ಹಲ್ಲಿನ ಗುರುತು

ಫ್ರಾನೆ ಎಂಬವನು ಚಳಿಗಾಲವೆಲ್ಲ ಬೈಕಿನ ಗ್ಲೌಸ್ ಕಳಚದೆಯೇ ನನ್ನ ಹತ್ತಿರ ಮೀನು ಕೊಂಡಿದ್ದ. ಪ್ರತಿ ಶುಕ್ರವಾರ ಅರ್ಧ ಕಿಲೋ ಬೂತಾಯಿ, ಜೊತೆಗೊಂದು ಕಳ್ಳನೋಟ.

"ನಾನು ಚೆನ್ನಾಗಿದೀನಿ ಅಂತ ಬರ್ತೀಯೋ, ಮೀನು ಚೆನ್ನಾಗಿದೆ ಅಂತಲೋ?"

"ಮೀನು ಅಷ್ಟೇನೂ ಚೆನ್ನಾಗಿರಲ್ಲ," ಎಂದು ಕಿವಿಯವರೆಗೆ ಕೆಂಪಾಗುತ್ತಿದ್ದ. ಶುಕ್ರವಾರ ಬಂದರೆ ತುಟಿಗೆ ಬಣ್ಣ ಹಚ್ಚುವ ಹುಚ್ಚು ನನಗೂ ಹಿಡಿದಿತ್ತು.

ಏಪ್ರಿಲ್‌ನಲ್ಲಿ ಬೂರಾ ಎಂಬ ಚಳಿಗಾಳಿ ನಿಂತು ಡಾಲ್ಮೇಷಿಯಾ ಕರಾವಳಿಯ ನಮ್ಮ ಬಂದರಿಗೆ ಬಿಸಿಲು ಬಂತು. ಅವನು ಗ್ಲೌಸ್ ಕಳಚಿದ. ಹೆಬ್ಬೆರಳಿನ ಬುಡದಲ್ಲಿ ಹಳೆಯ ಕಚ್ಚುಗಾಯ. ಸಾಲಿನಲ್ಲಿ ಒಂದು ಹಲ್ಲಿನ ಗುರುತು ಇರಲಿಲ್ಲ. ನನ್ನ ಬಾಯಲ್ಲೂ ಆ ಹಲ್ಲಿಲ್ಲ.

ಅಕ್ಟೋಬರ್‌ನಲ್ಲಿ ನನ್ನ ಮೂರು ತಿಂಗಳ ಬಸಿರು ಹೊಟ್ಟೆಯಲ್ಲೇ ಸತ್ತಿತ್ತು. ಅದರ ಅಪ್ಪ ಅಷ್ಟರಲ್ಲೇ ನನ್ನನ್ನು ಬಿಟ್ಟು ಹೋಗಿದ್ದ. ಆಸ್ಪತ್ರೆಯಲ್ಲಿ ಕಾಲು ಕಟ್ಟಿದರು. ಅರಿವಳಿಕೆ ಕೊಡದೆ ಕೆರೆದು ತೆಗೆದರು.

"ಅಲ್ಲಿ ಹೆಂಗಸ್ರಿಗೆ ನೋವೇ ಆಗಲ್ಲಮ್ಮ. ನಮ್ಮ ಗುರುಗಳ ಕಾಲದಿಂದ್ಲೂ ಹೀಗೇ ಮಾಡೋದು," ಎಂದ ಮುದಿ ಡಾಕ್ಟರ್.

ಪ್ರಾಣ ಹೋಗುವಂತೆ ಕಿರುಚಿದೆ. ಮಾಸ್ಕ್ ಹಾಕಿದ ಆಳೊಬ್ಬ ನನ್ನ ಕೈಗಳನ್ನು ಅದುಮಿ ಹಿಡಿದಿದ್ದ. ರಕ್ತ ಬರುವವರೆಗೆ ಅವನನ್ನು ಕಚ್ಚಿದೆ. ಮನೆಗೆ ಬಂದು ಹೇಳಿದರೆ ಅಮ್ಮ, "ನಂಗೂ ಹಾಗೇ ಮಾಡಿದ್ರು, ನಿಮ್ಮಜ್ಜಿಗೂ. ಅದನ್ನೆಲ್ಲ ಬಾಯಿಬಿಟ್ಟು ಹೇಳ್ತಾರೇನೇ?" ಎಂದಿದ್ದಳು.

ಮೀನಿನ ಚೂರಿಯನ್ನು ಫ್ರಾನೆಯ ಬೆರಳ ಪಕ್ಕದಲ್ಲೇ ಹಲಗೆಗೆ ಚುಚ್ಚಿದೆ.

"ನಾನ್ಯಾರು ಅಂತ ಗೊತ್ತಿತ್ತಾ?"

"ಮೊದಲ್ನೇ ದಿನಾನೇ. ಕ್ಷಮೆ ಕೇಳೋಕೆ ಬಂದಿದ್ದೆ. ನೀನು ನಕ್ಕುಬಿಟ್ಟೆ ವಿಂಕಾ, ಹೇಳೋಕೆ ಬಾಯೇ ಬರ್ಲಿಲ್ಲ."

ಕೆನ್ನೆಗೆ ಬಾರಿಸಿದೆ. ಮೀನಿನ ರಕ್ತ ಅವನ ಮುಖಕ್ಕೆ ಮೆತ್ತಿಕೊಂಡಿತು. ಇನ್ನೊಂದು ಬಿಟ್ಟೆ, ಮತ್ತೊಂದು. ಅವನು ಅಲುಗಲಿಲ್ಲ. ಅವನನ್ನು ಕೊಂದುಬಿಡಬೇಕು ಎನಿಸಿತು, ಅವನು ಹೋಗಬಾರದು ಎಂದೂ ಎನಿಸಿತು. ಎರಡನೆಯದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

"ಆಸ್ಪತ್ರೆ ಮೇಲೆ ನಾನು ಕೊಟ್ಟ ದೂರು ಸುಳ್ಳಂತೆ. ನಾನು ಕೂಗ್ಲೇ ಇಲ್ವಂತೆ. ನಡೆದಿದ್ದನ್ನ ನೀನು ಬರ್ಕೊಡು."

"ಕೆಲ್ಸ ಹೋಗತ್ತೆ."

"ಹೋಗ್ಲಿ."

ಮೀನು ಕಟ್ಟುವ ಕಾಗದದ ಮೇಲೆಯೇ ಬರೆದ. "ಅರಿವಳಿಕೆ ಕೊಡಲಿಲ್ಲ. ಅವಳು ಕೂಗಿದಳು. ನಾನು ಹಿಡಿದುಕೊಂಡಿದ್ದೆ. ಅವಳಿಗಿಂತ ಮುಂಚೆ ಎಷ್ಟೋ ಜನರನ್ನು ಹಿಡಿದಿದ್ದೇನೆ." ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದ.

ಮುಂದಿನ ಶುಕ್ರವಾರ ಕೆಲಸ ಕಳೆದುಕೊಂಡು ಬಂದ. ಕೆನ್ನೆ ಇನ್ನೂ ಕಂದಿತ್ತು.

"ಆ ಡಾಕ್ಟರನ್ನ ವಿಚಾರಣೆಗೆ ಕರೆದಿದಾರೆ," ಎಂದೆ.

ತಲೆಯಾಡಿಸಿದ. "ನಿನ್ನನ್ನ ಪ್ರೀತಿಸ್ತೀನಿ ಅನ್ನೋಕೆ ನಂಗೆ ಯೋಗ್ಯತೆ ಇಲ್ಲ. ಆದ್ರೂ ಪ್ರೀತಿಸ್ತೀನಿ."

ಕೈ ತೊಳೆದು, ಒರೆಸಿ, ಹಲಗೆಯ ಮೇಲಿಟ್ಟೆ. ಅವನ ಕೈ ಅರ್ಧ ದಾರಿಯಲ್ಲೇ ನಿಂತಿತು.

"ಹಿಡ್ಕೊಳ್ಲಾ?"

ಆಸ್ಪತ್ರೆಯ ಆ ಮೇಜಿನ ಮೇಲೆ ಮಲಗಿದ್ದಾಗ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಆಗ ಬಾರದಿದ್ದ ಅಳು ಈಗ ಬಂತು.

"ಮೆತ್ತಗೆ," ಎಂದೆ.