ಹಳದಿ ಕೋಟಿನವಳು

ಕೆಂಪು ಕೋಟು ತೊಟ್ಟ ಇಂಗೆಲಾ ಉಪ್ಸಾಲಾ ಊರಿನ ಮಾರುಕಟ್ಟೆ ಚೌಕದಲ್ಲಿ ನಗುತ್ತ ನಿಂತಿದ್ದನ್ನು ನೋಡಿದಾಗಲೇ ಸಿಗ್ನೆಯ ಹೊಟ್ಟೆಗೆ ಬೆಂಕಿ ಬಿತ್ತು. ವರ್ಷಗಟ್ಟಲೆ ಆ ಹೆಂಗಸಿಗೆ ಬಟ್ಟೆ ಆರಿಸಿಕೊಟ್ಟವಳು ಸಿಗ್ನೆಯೇ. ಇಂಗೆಲಾ ನಾಚಿಕೆ ಸ್ವಭಾವದವಳು, ನಾಲ್ಕು ಜನರ ಹಿಂದೆ ನಿಲ್ಲುವವಳು, ಅಂಥವಳಿಗೆ ಬೂದುಬಣ್ಣ, ಕಡುನೀಲಿ, ಹೆಚ್ಚೆಂದರೆ ಕುತ್ತಿಗೆಗೊಂದೆಳೆ ಮುತ್ತು ಎಂದು ತೀರ್ಮಾನಿಸಿದ್ದಳು. ಊರಿನ ಹೆಂಗಸರ ಕಪಾಟು ತೆರೆದು, ಯಾರ ಸ್ವಭಾವಕ್ಕೆ ಯಾವ ಉಡುಪು ಒಪ್ಪುತ್ತದೆ ಎಂದು ಹೇಳುವುದೇ ಅವಳ ಕಸುಬು. ಅವಳ ಮಾತನ್ನು ಮೀರಿದವರಿಲ್ಲ.

"ಎಬ್ಬಾ ಏನಂತಾಳೆ ಗೊತ್ತಾ? ಇಷ್ಟು ವರ್ಷ ನಾನು ಬಟ್ಟೆ ಹಾಕ್ಕೊಳ್ತಿರ್ಲಿಲ್ವಂತೆ, ಬಟ್ಟೆ ಒಳಗೆ ಬಚ್ಚಿಟ್ಕೊಳ್ತಿದ್ನಂತೆ," ಎಂದಳು ಇಂಗೆಲಾ. "ಬೇಜಾರ್ ಮಾಡ್ಕೋಬೇಡ ಸಿಗ್ನೆ. ನೀನೇ ತಯಾರು ಮಾಡಿದ ಹುಡುಗಿ ತಾನೇ?"

"ಬೇಜಾರ್ಯಾಕೆ? ಚೆನ್ನಾಗೇ ಇದೆ," ಎಂದಳು ಸಿಗ್ನೆ. ನಿಜಕ್ಕೂ ಚೆನ್ನಾಗಿತ್ತು. ಉರಿ ಹತ್ತಿದ್ದೂ ಅದಕ್ಕೇ.

ಎಬ್ಬಾ ಎಂದರೆ ನಿನ್ನೆ ಮೊನ್ನೆಯವರೆಗೆ ಸಿಗ್ನೆಯ ಸ್ಕಾರ್ಫುಗಳ ಚೀಲ ಹೊತ್ತು ಹಿಂದೆ ಹಿಂದೆ ತಿರುಗುತ್ತಿದ್ದವಳು. ಮುಖದ ಪಕ್ಕಕ್ಕೆ ಸ್ಕಾರ್ಫು ಹಿಡಿದು ಯಾವ ಬಣ್ಣ ಒಪ್ಪುತ್ತದೆಂದು ನೋಡುವುದನ್ನು ಕೈಹಿಡಿದು ಕಲಿಸಿದ್ದು ಸಿಗ್ನೆಯೇ. ಈಗ ಎಬ್ಬಾಳಿಗೆ ನದಿಯ ಆಚೆ ದಡದಲ್ಲಿ ಸ್ವಂತ ಅಂಗಡಿ. ಸಿಗ್ನೆಯ ಹೆಂಗಸರು ಒಬ್ಬೊಬ್ಬರಾಗಿ ಸೇತುವೆ ದಾಟಿದರು. ಸಿಗ್ನೆಯ ಕನ್ನಡಿಯ ಮುಂದೆ ಅವರು ಒಪ್ಪಿ ತಲೆಯಾಡಿಸುತ್ತಿದ್ದರು. ಎಬ್ಬಾಳ ಕನ್ನಡಿಯ ಮುಂದೆ ನಗುತ್ತಿದ್ದರಂತೆ. ಆ ನಗುವನ್ನು ಕ್ಷಮಿಸಲು ಸಿಗ್ನೆಯಿಂದಾಗಲಿಲ್ಲ.

ಈ ಕಸುಬು ನಿಂತಿರುವುದೇ ನಂಬಿಕೆಯ ಮೇಲೆ. ಮಲಗುವ ಕೋಣೆಯ ಕಪಾಟು ತೆರೆದುಕೊಟ್ಟು ಪಕ್ಕಕ್ಕೆ ನಿಲ್ಲುತ್ತಾರಲ್ಲ, ಅದರೊಳಗೆ ಹೋಗುವ ಕೈ ಕದಿಯುವ ಕೈ ಎಂದು ಒಮ್ಮೆ ಗೊತ್ತಾದರೆ ಮುಗಿಯಿತು, ಮತ್ತೆ ಯಾರೂ ಹೊಸ್ತಿಲು ತುಳಿಯಗೊಡುವುದಿಲ್ಲ. ಆದ್ದರಿಂದ ಕಳ್ಳತನ ನಡೆಯಬೇಕು, ಕಳ್ಳಿ ಕಣ್ಣಿಗೆ ಬೀಳಲೂ ಬೇಕು. ಜನ ಮುಖ ನೋಡುವುದಿಲ್ಲ, ಉಡುಪು ನೋಡುತ್ತಾರೆ. ಇಡೀ ಊರಿನಲ್ಲಿ ಇದು ಸಿಗ್ನೆಯಷ್ಟು ಚೆನ್ನಾಗಿ ಇನ್ನಾರಿಗೆ ಗೊತ್ತು?

ಎಬ್ಬಾ ಎಂದರೆ ಸಾಸಿವೆ ಹಳದಿಯ ಉದ್ದ ಕೋಟು, ಹಸಿರು ಉಣ್ಣೆ ಟೋಪಿ, ದಪ್ಪ ಅಟ್ಟೆಯ ಬೂಟು. ಸಿಗ್ನೆ ಸ್ಟಾಕ್‌ಹೋಮಿಗೆ ಹೋಗಿ ಹಳೆ ಬಟ್ಟೆಯ ಅಂಗಡಿಗಳನ್ನು ಜಾಲಾಡಿ ಅಂಥವನ್ನೇ ತಂದಳು. ಕೂದಲು ಟೋಪಿಯೊಳಗೆ ಸೇರಿತು, ಬೆರಳುಗಳು ಕೈಗವಸಿನೊಳಗೆ ಸೇರಿದವು. ಉದ್ದುದ್ದ ಹೆಜ್ಜೆ ಹಾಕುವ ಎಬ್ಬಾಳ ನಡಿಗೆಯನ್ನೂ ಮನೆಯೊಳಗೇ ಅಭ್ಯಾಸ ಮಾಡಿದಳು. ಕನ್ನಡಿಯಲ್ಲಿ ನೋಡಿಕೊಂಡರೆ, ಹಳದಿ ಅವಳಿಗೆ ಒಪ್ಪಿತ್ತು! ಕೆನ್ನೆಗೆ ರಂಗು ಬಂದಿತ್ತು, ವಯಸ್ಸು ಇಳಿದಿತ್ತು. ಇಷ್ಟು ವರ್ಷ ತನಗೂ ಬೂದುಬಣ್ಣವನ್ನೇ ಆರಿಸಿಕೊಂಡು ಬಂದಿದ್ದಳು. ಅದಕ್ಕಾಗಿಯೂ ಎಬ್ಬಾಳ ಮೇಲೆಯೇ ಸಿಟ್ಟು ಬಂತು.

ಸಾಕ್ಷಿ ತಾನಾಗಿಯೇ ಒದಗಿತ್ತು. ಇಂಗೆಲಾಳ ತಾಯಿ ಥೋರಾ ಈ ಬೇಸಿಗೆಯಲ್ಲಷ್ಟೇ ಮಗಳ ಮನೆಗೆ ಬಂದಿದ್ದಳು. ಸಿಗ್ನೆ ಅವಳನ್ನು ಕಂಡಿರಲಿಲ್ಲ; ಚೌಕದಲ್ಲಿ ನಿಂತಾಗ ಇಂಗೆಲಾಳೇ ಹೇಳಿದ್ದು: "ಬುದ್ಧಿ ಚುರುಕಾಗಿದೆ, ಆದ್ರೆ ಬೆನ್ನು ಪೂರ್ತಿ ಬಗ್ಗಿಹೋಗಿದೆ. ತಲೆ ಎತ್ತೋಕೇ ಆಗಲ್ಲ, ಪಾಪ." ಮುಖ ಕಾಣದ, ಆದರೆ ಕೋಟಿನ ಬಣ್ಣ ಹೇಳಬಲ್ಲ ಮುದುಕಿ. ಕೇಳಿ ಪಡೆದರೂ ಇಂಥ ಸಾಕ್ಷಿ ಸಿಗುವುದಿಲ್ಲ ಎಂದುಕೊಂಡಳು ಸಿಗ್ನೆ.

ಗುರುವಾರ ಮಧ್ಯಾಹ್ನ ಎಬ್ಬಾ ಅಂಗಡಿ ಮುಚ್ಚಿ ಮನೆಯಲ್ಲಿ ಒಬ್ಬಳೇ ಹೊಲಿಯುತ್ತ ಕೂರುತ್ತಾಳೆ. ಎಲ್ಲಿದ್ದೆ ಎಂದು ಆಮೇಲೆ ಯಾರಾದರೂ ಕೇಳಿದರೆ, ಮನೆಯಲ್ಲೇ ಇದ್ದಳು ಎನ್ನಲು ಒಂದು ನರಪಿಳ್ಳೆಯೂ ಇರುವುದಿಲ್ಲ. ಇಂಗೆಲಾ ಕೆಲಸಕ್ಕೆ ಹೋಗಿರುತ್ತಾಳೆ. ಸಿಗ್ನೆ ಅದೇ ಹೊತ್ತಿಗೆ ಹಳದಿ ಕೋಟು ತೊಟ್ಟು ಇಂಗೆಲಾಳ ಮನೆಗೆ ಹೊರಟಳು. ಎಲೆ ಗುಡಿಸುತ್ತಿದ್ದ ಎದುರುಮನೆಯವನು ದೂರದಿಂದ ಕೈಬೀಸಿದ. ಎಬ್ಬಾ ಬೀಸುವ ಹಾಗೆ ಇವಳೂ ಕೈ ಮೇಲೆತ್ತಿ ಬೀಸಿದಳು. ಹೂಕುಂಡದ ಕೆಳಗಿನ ಬೀಗದ ಕೈ ಹಳೆಯ ಜಾಗದಲ್ಲೇ ಇತ್ತು. ಒಳಗೆ ಬಂದು, ಬೂಟು ಬಿಚ್ಚಿ ಗೋಡೆಯ ಪಕ್ಕಕ್ಕಿಟ್ಟು, ಹಜಾರಕ್ಕೆ ನಡೆದಳು.

ಥೋರಾ ತಗ್ಗಿನ ಕುರ್ಚಿಯಲ್ಲಿ ಹೆಣಿಗೆ ಹಿಡಿದು ಕೂತಿದ್ದಳು. "ಯಾರದು? ಇಂಗೆಲಾ ಮನೇಲಿಲ್ಲ," ಎಂದಳು, ಮುಖ ನೆಲದ ಕಡೆಗೇ ಇತ್ತು.

ಹಳದಿ ಚೆನ್ನಾಗಿ ಕಾಣಲಿ ಎಂದು ಸಿಗ್ನೆ ಮುದುಕಿಯ ಎದುರಿನಲ್ಲೇ ನಿಧಾನವಾಗಿ ಹಾದುಹೋದಳು. ಇಂಗೆಲಾಳ ಕಪಾಟಿನಿಂದ, ಉಡುಪಿನ ಎದೆಗೆ ಸಿಕ್ಕಿಸುವ ಅಜ್ಜಿ ಕಾಲದ ಬೆಳ್ಳಿಯ ಬ್ರೂಚನ್ನು ತೆಗೆದುಕೊಂಡು ಮತ್ತೆ ಹಾಗೆಯೇ ಹಾದು ಹೊರಬಿದ್ದಳು. ಕೋಟು, ಟೋಪಿ, ಬೂಟುಗಳೆಲ್ಲ ಊರಾಚೆಯ ಬಟ್ಟೆದಾನದ ಪೆಟ್ಟಿಗೆ ಸೇರಿದವು. ಮರುದಿನ ಬೆಳಿಗ್ಗೆ ಎಬ್ಬಾಳ ಅಂಗಡಿಗೆ ಹೋಗಿ, ಅವಳನ್ನು ತಬ್ಬಿ, ಹೊಗಳಿ, ಸ್ಕಾರ್ಫುಗಳ ಬುಟ್ಟಿಯೊಳಗೆ ಬ್ರೂಚು ಇಳಿಬಿಟ್ಟು ಬಂದಳು.

"ನೀನು ಬಂದಿದ್ದು ಎಷ್ಟು ಖುಷಿಯಾಯ್ತು ಅಂತೀಯ," ಎಂದಿದ್ದಳು ಎಬ್ಬಾ, ಕಣ್ಣಲ್ಲಿ ನೀರು ತಂದುಕೊಂಡು. ಸಿಗ್ನೆಗೆ ಏನೂ ಅನ್ನಿಸಲಿಲ್ಲ.

ಶನಿವಾರ ಇಂಗೆಲಾಳ ಫೋನು ಬಂತು. ಅಳುತ್ತಿದ್ದಳು. "ಅಮ್ಮ ಹಳದಿ ಕೋಟು ನೋಡಿದ್ದಾಳೆ, ಎದುರುಮನೆಯವನೂ ನೋಡಿದ್ದಾನೆ. ಬ್ರೂಚು ಎಬ್ಬಾ ಅಂಗಡೀಲೇ ಸಿಕ್ತು. ಅವಳನ್ನ ಎಷ್ಟು ನಂಬಿದ್ದೆ ನಾನು. ಸ್ವಲ್ಪ ಹೊತ್ತು ಬಂದು ಕೂತ್ಕೋ ಸಿಗ್ನೆ."

ಇಷ್ಟು ಹಗುರವಾಗಿ ಸಿಗ್ನೆ ಯಾವತ್ತೂ ನಡೆದಿರಲಿಲ್ಲ. ದಾಲ್ಚಿನ್ನಿ ಬನ್ನು ಕಟ್ಟಿಸಿಕೊಂಡು ಹೋದಳು. ಇಂಗೆಲಾ ಹಳೆಯ ಬೂದುಬಣ್ಣದ ಸ್ವೆಟರನ್ನೇ ತೊಟ್ಟಿದ್ದಳು. ಅದನ್ನು ನೋಡಿ ಇವಳಿಗೆ ಜೀವ ತಣ್ಣಗಾಯಿತು. ಮೇಜಿನ ಬಳಿ ಪೊಲೀಸ್ ಹೆಂಗಸು ಕಾಫಿ ಮುಗಿಸಿ ಏಳುವುದರಲ್ಲಿದ್ದಳು. ಸಿಗ್ನೆ ಒಳಗೆ ಹೋಗಿ ಇಂಗೆಲಾಳ ಹೆಗಲು ಬಳಸಿ, "ಅಳ್ಬೇಡ, ನಾನಿದ್ದೀನಲ್ಲ," ಎಂದಳು.

"ಅಮ್ಮ, ಇವಳೇ ಸಿಗ್ನೆ. ನಿಂಗೆ ಪರಿಚಯ ಇಲ್ಲ," ಎಂದಳು ಇಂಗೆಲಾ. ಥೋರಾಳ ಹೆಣಿಗೆ ನಿಂತಿತು. ಮನೆಗೆ ಬಂದುಹೋಗುವವರಲ್ಲಿ ಅವಳಿಗೆ ಕಾಣುತ್ತಿದ್ದುದು ಕೋಟಿನ ಅಂಚು, ಅದರ ಕೆಳಗಿನ ಪಾದ, ಅಷ್ಟೇ. ಚೂಪು ಮೂತಿಯ ಷೂಗಳಲ್ಲೇ ಆಯುಷ್ಯ ಕಳೆದ ಸಿಗ್ನೆಯ ಕಾಲಿನ ಹೆಬ್ಬೆರಳು ಸೊಟ್ಟಗಾಗಿ ಪಕ್ಕದ ಬೆರಳಿನ ಮೇಲೆ ಹತ್ತಿತ್ತು. ಬುಡದಲ್ಲಿ ನೆಲ್ಲಿಕಾಯಿಯಷ್ಟು ಗಂಟು, ತೆಳ್ಳನೆಯ ಕಾಲುಚೀಲದೊಳಗಿಂದ ಎದ್ದು ಕಾಣುತ್ತಿತ್ತು. ಎಬ್ಬಾಳ ಬೂಟಿನಂಥದ್ದನ್ನೇ ಹುಡುಕಿ ತಂದವಳಿಗೆ, ಈ ದೇಶದಲ್ಲಿ ಯಾರ ಮನೆಗೆ ಹೋದರೂ ಬೂಟು ಬಾಗಿಲಲ್ಲೇ ಉಳಿಯುತ್ತದೆ ಎಂಬುದು ಹೊಳೆದಿರಲೇ ಇಲ್ಲ. ಗುರುವಾರದ ಹಾಗೆ ಇವತ್ತೂ ಬಾಗಿಲಲ್ಲೇ ಬಿಚ್ಚಿಟ್ಟು ಬಂದಿದ್ದಳು. "ಪರಿಚಯ ಇಲ್ದೆ ಏನು?" ಎಂದಳು ಥೋರಾ, ಆ ಬೆರಳನ್ನೇ ನೋಡುತ್ತ. "ಗುರುವಾರ ಹಳದಿ ಕೋಟು ಹಾಕ್ಕೊಂಡು ಬಂದಿದ್ಲಲ್ಲ, ಇವಳೇ."