ಗುಂಡುಹೊಟ್ಟೆಯ ಅಕ್ಷರಗಳು

ಆ ಅಕ್ಷರಗಳನ್ನು ಕಂಡರೆ ಯಾರಿಗಾದರೂ ನಗು ಬರಬೇಕು: ಗುಂಡುಹೊಟ್ಟೆ, ಕುಣಿಯುವ ಬಾಲ. ಮಿಠಾಯಿ ಪೊಟ್ಟಣಕ್ಕೆ, ಮಕ್ಕಳ ಅಂಗಿಗೆ ಹೇಳಿ ಮಾಡಿಸಿದಂತಿದ್ದವು. ಅವನ್ನು ಬರೆದ ಪೇಂಟರ್ ನಮ್ಮ ಪ್ರೆಸ್ಸಿನ ಗೋಡೆಯ ಮೇಲೆ ಬರೆಯುವಾಗಲೇ ಏಣಿಯಿಂದ ಬಿದ್ದು ಸತ್ತ. ಯಜಮಾನ ಆ ಗೋಡೆಯ ಫೋಟೋ ತೆಗೆಸಿ, ಅದನ್ನೇ ಕಂಪ್ಯೂಟರ್ ಫಾಂಟ್ ಮಾಡಿಸಿದ. ಆಳು ಸತ್ತ, ಅವನ ಕೈಬರಹ ಇವನ ಆಸ್ತಿಯಾಯಿತು.

ಆ ಫಾಂಟಿನ ಮಾದರಿ ಹಾಳೆ ಅಚ್ಚಾಗುವ ಮಧ್ಯಾಹ್ನ ಪೇಂಟರನ ಹೆಂಡತಿ ಬಂದಳು.

"ಯಜಮಾನ್ರೇ, ಕೆಳಗಡೆ ನಮ್ಮನೆಯವ್ರ ಹೆಸರೊಂದು ಹಾಕಿ, ಸಾಕು."

"ಅಕ್ಷರಕ್ಕೂ ಅಪ್ಪ ಇರ್ತಾನೇನಮ್ಮಾ? ನಡಿ, ನಡಿ!" ಎಂದ ಯಜಮಾನ, ಯಂತ್ರದ ಬಳಿಯಿದ್ದ ನನ್ನತ್ತ ತಿರುಗಿದ. "ರಚನೆ ಅಂತ ನನ್ನ ಹೆಸರು ಹಾಕಯ್ಯಾ."

ಹಾಕಿದೆ. ನಮ್ಮ ಯಂತ್ರದಿಂದ ಹಾಳೆ ಬಿಸಿಯಾಗಿ, ಒಣಗಿಯೇ ಬರುತ್ತದೆ. ಇದು ಕೈ ಕೊರೆಯುವಷ್ಟು ತಣ್ಣಗೆ ಬಂತು. ಎಣ್ಣೆಬಣ್ಣದ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಯಜಮಾನನ ಹೆಸರು ಮಾತ್ರ ಹಸಿಹಸಿಯಾಗಿತ್ತು.

"ಏನೋ ಇದು ದರಿದ್ರ!" ಎಂದು ಅವನು ಅದನ್ನು ಬಲ ಅಂಗೈಯಿಂದ ಉಜ್ಜಿದ. ಹೆಸರು ಅಳಿಸಿಹೋಯಿತು. ಬಣ್ಣ ಅವನ ಬೆರಳುಗಳಿಂದ ಮಣಿಕಟ್ಟಿನತ್ತ ನಿಧಾನವಾಗಿ ಏರತೊಡಗಿತು. ಬಾಗಿಲಲ್ಲಿ ನಿಂತಿದ್ದ ಹೆಂಗಸು ಅದು ಏರುವುದನ್ನು ಕಣ್ಣಿಟ್ಟು ನೋಡಿದಳು.

ಮರುದಿನ ನಾನು ಪೇಂಟರನ ಹೆಸರು ಹಾಕಿದೆ. ಹಾಳೆ ಬಿಸಿಯಾಗಿ ಬಂತು. ಯಜಮಾನ ಅದನ್ನು ಎಡಗೈಯಲ್ಲೇ ತೆಗೆದುಕೊಂಡ. ಅವನು ಬಲಗೈಯನ್ನು ಜೇಬಿನಿಂದ ಹೊರತೆಗೆದದ್ದನ್ನು ನಾವ್ಯಾರೂ ಇವತ್ತಿನವರೆಗೆ ಕಂಡಿಲ್ಲ.